ನಾನು ವ್ಯಾಂಪೈರ್ ಆಗಿದ್ದ ಮಳೆಗಾಲ

ಸ್ಪಿರಿಟ್ಟಿನ ವಾಸನೆ ನನಗೀಗ ಗೊತ್ತಾಗುವುದೇ ಇಲ್ಲ. ಇಷ್ಟು ವರ್ಷ ರಕ್ತ ತೆಗೆಯುವ ಕೆಲಸ ಮಾಡಿದ ಮೇಲೆ ಅದು ನನ್ನ ಬೆರಳುಗಳದೇ ವಾಸನೆಯಾಗಿಬಿಟ್ಟಿದೆ. ಆದರೆ ಅದಕ್ಕೆ ನೆನೆದ ರೇನ್‌ಕೋಟಿನ ವಾಸನೆ ಸೇರಿಕೊಂಡರೆ ಮಾತು ಬೇರೆ. ಹೋದ ಮಳೆಗಾಲದಲ್ಲಿ, ಕಳಂಬೋಲಿಯಲ್ಲಿ ನಾನು ನೋಡಿಕೊಳ್ಳುವ ಕಲೆಕ್ಷನ್ ಸೆಂಟರಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನೀರಿಳಿಯುವ ರೇನ್‌ಕೋಟನ್ನು ಬಾಗಿಲ ಹಿಂದಿನ ಮೊಳೆಗೆ ಸಿಕ್ಕಿಸಿ, ಕೈ ಒರೆಸಿಕೊಂಡು, ಸ್ಪಿರಿಟ್ ಬಾಟಲಿಯ ಮುಚ್ಚಳ ತಿರುಗಿಸಿದಳು. ಅಷ್ಟೇ. ನಾನು ಡೊಂಬಿವಲಿಯ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ, ತೆರೆದ ಬಾಗಿಲಿನ ಹೊರಗೆ ನಿಂತಿದ್ದೆ. ಒಳಗೆ ಜ್ವರದಲ್ಲಿ ಬೇಯುತ್ತಿದ್ದ ಮಗುವೊಂದು ನನ್ನನ್ನು ನೋಡಿ ಕಿರುಚುತ್ತಿತ್ತು.

ಎರಡು ಸಾವಿರದ ಹತ್ತರ ಆಸುಪಾಸಿನ ಮಾತು. ನಾವಾಗ ತುರ್ಭೆಯಲ್ಲಿದ್ದೆವು. ಕಲಬುರಗಿ ಕಡೆಯಿಂದ ಬಂದ ಅಪ್ಪ ಅಲ್ಲಿಯ ಗೋದಾಮುಗಳಲ್ಲಿ ಮೂಟೆ ಹೊರುತ್ತಿದ್ದ. ನಾನು ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಮುಗಿಸಿದೆ. ಕೆಲಸ ಸಿಕ್ಕಿದ್ದು ಡೊಂಬಿವಲಿಯ ಒಂದು ಪುಟ್ಟ ಲ್ಯಾಬಿನಲ್ಲಿ. ಮನೆಮನೆಗೆ ಹೋಗಿ ರಕ್ತ ತೆಗೆದು ತರುವುದು. ಬರಿಹೊಟ್ಟೆಯಲ್ಲಿ ರಕ್ತ ಕೊಡಬೇಕಾದವರು ಚಹಾಕ್ಕೆ ಚಡಪಡಿಸುತ್ತ ಕೂತಿರುತ್ತಾರಲ್ಲ, ಹಾಗಾಗಿ ಬೆಳಕು ಹರಿಯುವ ಮೊದಲೇ ಮೊದಲ ಮನೆಯ ಬೆಲ್ ಒತ್ತಬೇಕು. ಮೊದಲ ಲೋಕಲ್ ರೈಲು ಹಿಡಿದು ಠಾಣೆ ಜಂಕ್ಷನ್ನಿಗೆ ಬಂದು, ಅಲ್ಲಿ ಗಾಡಿ ಬದಲಿಸಿ ಡೊಂಬಿವಲಿಗೆ ಇಳಿಯುವಾಗ ಪ್ಲಾಟ್‌ಫಾರ್ಮಿನ ದೀಪಗಳು ಇನ್ನೂ ಉರಿಯುತ್ತಿರುತ್ತಿದ್ದವು.

ಆ ಬೇಸಿಗೆ ರಜೆಯಲ್ಲಿ ಮಕ್ಕಳ ಚಾನೆಲ್ಲೊಂದು ಒಂದು ಕಾರ್ಟೂನ್ ಸಿನಿಮಾವನ್ನು ಮತ್ತೆ ಮತ್ತೆ ಹಾಕಿತ್ತು. ಹಿಂದಿಗೆ ಡಬ್ ಆದದ್ದು. ನೀಲಿ ಮುಸುಕಿನ ಸೂಪರ್‌ಹೀರೋ ಒಬ್ಬ. ಅವನ ಊರಿನ ಅಡಿಯಲ್ಲಿ, ಕೋಟೆಯೊಂದರ ನೆಲಮಾಳಿಗೆಯಲ್ಲಿ ನೂರಾರು ವರ್ಷ ಮಲಗಿದ್ದ ವ್ಯಾಂಪೈರ್ ಒಬ್ಬ ಎದ್ದು ಬರುತ್ತಾನೆ. ಹಳೆಯ ಕಥೆಗಳ ವ್ಯಾಂಪೈರೇ. ಬಿಳಿಚಿದ ಮುಖ, ಎರಡು ಕೋರೆಹಲ್ಲು, ಹೊರಗೆ ಕಪ್ಪು ಒಳಗೆ ಕೆಂಪಾದ ಉದ್ದನೆಯ ಮೇಲಂಗಿ. ಸೂರ್ಯ ಹುಟ್ಟುವ ಮೊದಲು ಮನೆಮನೆಗೆ ಬಂದು ರಕ್ತ ಹೀರಿ ಹೋಗುತ್ತಾನೆ.

ಇನ್ನು ನನ್ನ ವೇಷ. ಎತ್ತರಕ್ಕೆ, ಒಣ ಜೋಳದ ದಂಟಿನಂತಿದ್ದೆ. ಎಡಗಡೆಯ ಒಂದು ಹಲ್ಲು ಸಾಲು ಬಿಟ್ಟು ಮುಂದೆ ಬಂದಿದೆ. ಅದಕ್ಕಾಗಿಯೇ ಒಂದೆರಡು ಕಡೆ ನನ್ನ ಮದುವೆಯ ಮಾತು ಮುರಿದಿತ್ತು. ಲ್ಯಾಬಿನವರು ಕೊಟ್ಟ ರೇನ್‌ಕೋಟು ಗಂಡಸರ ಅಳತೆಯದು, ಮೊಣಕಾಲಿನ ಕೆಳಗೆ ಇಳಿಯುತ್ತಿತ್ತು, ಗಾಳಿ ಬಂದರೆ ಪಟಪಟ ಹಾರುತ್ತಿತ್ತು. ಬಣ್ಣ ಕಪ್ಪು. ಒಳಗಿನ ಬಟ್ಟೆ, ಯಾರ ಪುಣ್ಯವೋ, ಕೆಂಪು.

ಜೂನ್ ತಿಂಗಳಲ್ಲಿ ಮಳೆ ಹಿಡಿದು ನಾನು ಆ ರೇನ್‌ಕೋಟು ಹಾಕಿಕೊಂಡು ಆ ಹಳೆಯ ಕಟ್ಟಡದೊಳಗೆ ಕಾಲಿಟ್ಟ ಮೊದಲ ಬೆಳಿಗ್ಗೆಯೇ, ಶಾಲೆಯ ಬಸ್ಸಿಗೆ ಕಾಯುತ್ತಿದ್ದ ಮಕ್ಕಳ ಗುಂಪಿನಲ್ಲಿ ಯಾರೋ ಚೀರಿದರು. ಗುಂಪೆಲ್ಲ ಮೆಟ್ಟಿಲ ಮೇಲೆ ಓಡಿತು. ಮಾರನೆಯ ದಿನದಿಂದ ನನ್ನ ಹೆಸರು ಮಹಾದೇವಿ ಎಂದು ಅಲ್ಲಿ ಯಾರಿಗೂ ನೆನಪಿರಲಿಲ್ಲ. ಮೊದಲ ಮಹಡಿಯಿಂದ ಕೊನೆಯ ಮಹಡಿಯವರೆಗೆ ನಾನು ವ್ಯಾಂಪೈರ್ ಆಂಟಿ.

ಈ ಮಕ್ಕಳ ಸೈನ್ಯಕ್ಕೆ ನಾಯಕಿ ರಿಯಾ. ಮೂರನೇ ಮಹಡಿಯವಳು, ಎಂಟು ವರ್ಷವಿದ್ದೀತು. ಅವಳ ಅಪ್ಪ ಹರೀಶಣ್ಣ ಸ್ಟೇಷನ್ ಹತ್ತಿರ ಉಡುಪಿ ಹೋಟೆಲು ನಡೆಸುತ್ತಿದ್ದರು. ಅಮ್ಮ ವೀಣಾ ಠಾಣೆಯ ಒಂದು ಆಫೀಸಿಗೆ ಹೋಗುತ್ತಿದ್ದರು. ಅಜ್ಜಿ ಕಮಲಕ್ಕನಿಗೆ ಸಕ್ಕರೆ ಕಾಯಿಲೆ, ಹಾಗಾಗಿ ತಿಂಗಳಿಗೊಮ್ಮೆ ನಾನು ಆ ಮನೆಗೆ ಹೋಗಲೇಬೇಕು. ಅವರ ಗಂಡ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಮನೆಯಲ್ಲಿ ದೊಡ್ಡವರದೆಲ್ಲ ತುಳು. ರಿಯಾಳಿಗೆ ತುಳುವೂ ಕನ್ನಡವೂ ಅರ್ಥವಾದರೂ ಹಿಂದಿಯಲ್ಲೇ ಉತ್ತರಿಸುತ್ತಿದ್ದಳು. ಕಮಲಕ್ಕ ನನ್ನೊಡನೆ ತಮ್ಮ ಕರಾವಳಿಯ ಕನ್ನಡ ಆಡಿದರೆ, ನಾನು ಕಲಬುರಗಿಯದರಲ್ಲಿ ಹೇಳುತ್ತಿದ್ದೆ. ಒಬ್ಬರದು ಒಬ್ಬರಿಗೆ ಮುಕ್ಕಾಲು ತಿಳಿಯುತ್ತಿತ್ತು, ಉಳಿದ ಕಾಲಕ್ಕೆ ನಗುತ್ತಿದ್ದೆವು.

ಜುಲೈಯಲ್ಲಿ ಒಂದು ಬೆಳಿಗ್ಗೆ ಹೋದರೆ ಆ ಮಹಡಿಯ ನಾಲ್ಕೂ ಬಾಗಿಲುಗಳ ಹಿಡಿಕೆಗೆ ಬೆಳ್ಳುಳ್ಳಿ ಗಡ್ಡೆಗಳನ್ನು ದಾರದಲ್ಲಿ ಕಟ್ಟಿ ತೂಗುಹಾಕಿದ್ದರು. ಕಮಲಕ್ಕ ಬಾಗಿಲಲ್ಲೇ ನಿಂತಿದ್ದರು.

"ನೋಡು ಮಾರಾಯ್ತಿ ಈ ಅವಸ್ಥೆ! ಅಡಿಗೆಗೆ ಅಂತ ತಂದಿಟ್ಟ ಬೆಳ್ಳುಳ್ಳಿ ಪೂರಾ ಖಾಲಿ. ನಿನ್ನನ್ನು ಓಡಿಸ್ಲಿಕ್ಕೆ ಅಂತೆ."

"ಓಡ್ಸೂದಾದ್ರ ಬ್ಯಾರೆ ಏನರ ಕಟ್ಟಬೇಕಿತ್ರೀ ಯಕ್ಕಾ," ಅಂದೆ. "ನಮ್ಮ ಮನ್ಯಾಗ ಬಳ್ಳೊಳ್ಳಿ ಇಲ್ಲದ ಊಟನಽ ಇಲ್ಲ."

ಒಳಗಿನ ಕೋಣೆಯ ಪರದೆಯ ಹಿಂದಿನಿಂದ ಎರಡು ಕಣ್ಣು ನನ್ನನ್ನೇ ನೋಡುತ್ತಿದ್ದವು. ನಾನು ಬೇಕೆಂದೇ ಹಲ್ಲು ಕಾಣುವ ಹಾಗೆ ನಕ್ಕೆ. ಪರದೆ ಮುಚ್ಚಿಕೊಂಡಿತು. ನಿಜ ಹೇಳಬೇಕೆಂದರೆ ನನಗೆ ಇದೆಲ್ಲ ಖುಷಿಯೇ ಆಗುತ್ತಿತ್ತು. ಸೂಜಿ ಹಿಡಿದವಳನ್ನು ಬೆಳಗಾಗೆದ್ದು ಯಾರು ಗಮನಿಸುತ್ತಾರೆ? ತೋಳು ಚಾಚಿ, ಮುಖ ತಿರುಗಿಸಿ, ಮೊಬೈಲ್ ನೋಡುತ್ತಾರೆ. ಈ ಮಕ್ಕಳಾದರೂ ನಾನು ಬರುವುದನ್ನು ಕಾಯುತ್ತಿದ್ದರು.

ಆಗಸ್ಟಿನಲ್ಲಿ ಡೆಂಗ್ಯೂ ಬಂತು. ಕಟ್ಟಡದ ಹಿಂದೆ ಅರ್ಧಕ್ಕೆ ನಿಂತ ಕಾಮಗಾರಿಯ ಗುಂಡಿಯಲ್ಲಿ ನೀರು ನಿಂತಿತ್ತು, ಮನೆಗೊಬ್ಬರಂತೆ ಮಲಗತೊಡಗಿದರು. ಲ್ಯಾಬಿನಲ್ಲಿ ರಕ್ತಕಣ ಎಣಿಸುವ ನೇರಳೆ ಮುಚ್ಚಳದ ಟ್ಯೂಬುಗಳು ಸಾಲುಸಾಲು. ಬೆಳಿಗ್ಗೆ ಮುಗಿಯಬೇಕಾದ ನನ್ನ ಸುತ್ತು ಮಧ್ಯಾಹ್ನಕ್ಕೆ ಮುಟ್ಟುತ್ತಿತ್ತು. ಒಂದು ಸೋಮವಾರ ಲ್ಯಾಬಿನ ಡಾಕ್ಟರು ಚೀಟಿ ಕೈಗಿಟ್ಟು, "ಇಲ್ಲಿಗೆ ಮೊದಲು ಹೋಗು. ಮಗು, ಜ್ವರ ಇಳಿಯುತ್ತಿಲ್ಲವಂತೆ," ಎಂದರು. ಮೂರನೇ ಮಹಡಿ. ರಿಯಾ.

ಬಾಗಿಲು ತೆರೆದೇ ಇತ್ತು. ಹಾಲಿನ ದಿವಾನದ ಮೇಲೆ ಅವಳು ಮಲಗಿದ್ದಳು, ಮುಖ ಕೆಂಡದಂತೆ ಕೆಂಪಗೆ, ತುಟಿ ಒಣಗಿ ಬಿರಿದು. ನನ್ನನ್ನು ಕಂಡದ್ದೇ ಎದ್ದು ಗೋಡೆಗೆ ಒತ್ತಿಕೊಂಡು ಕಿರುಚಿದಳು. ಆ ಕಿರುಚಾಟದಲ್ಲಿ ಆಟ ಇರಲಿಲ್ಲ. ಹರೀಶಣ್ಣ ಅವಳನ್ನು ಎರಡೂ ತೋಳಿನಿಂದ ಬಿಗಿದು ಹಿಡಿದರು.

"ನಾನು ಹಿಡ್ಕೊಳ್ತೇನೆ. ನೀವು ಬೇಗ ತೆಗೀರಿ."

ಮಗು ಮೀನಿನ ಹಾಗೆ ಒದ್ದಾಡಿ, ಕುಡಿದ ಎಳನೀರನ್ನೆಲ್ಲ ಅಪ್ಪನ ಅಂಗಿಯ ಮೇಲೆ ಕಾರಿಕೊಂಡಿತು. ವೀಣಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಳುತ್ತಿದ್ದರು.

"ಬಿಡ್ರಿ ಸರ್," ಅಂದೆ. "ಹಿಂಗ ಜಗ್ಗ್ಯಾಡಿದ್ರ ಸೂಜಿ ಎಲ್ಲರ ಚುಚ್ಚತದ. ಬಿಡ್ರಿ ಅಕಿನ್ನ."

ನಾನು ಒಂದು ಕಾಲು ಹೊಸ್ತಿಲು ದಾಟಿಸಿದೆ. ರಿಯಾ ಅಮ್ಮನ ಕಡೆ ತಿರುಗಿ ಕೂಗಿದಳು. "ಮಮ್ಮೀ, ಉಸ್ಕೋ ಅಂದರ್ ಮತ್ ಬುಲಾವೋ! ಬಿನಾ ಬುಲಾಯೇ ವೋ ನಹೀ ಆ ಸಕ್ತೀ!"

ಒಳಗೆ ಕರೆಯಬೇಡ, ಕರೆಯದೆ ಅವಳು ಬರುವಂತಿಲ್ಲ. ಆಗ ನಾನು ಆ ಸಿನಿಮಾ ನೋಡಿರಲಿಲ್ಲ. ವ್ಯಾಂಪೈರಿಗೆ ಹಾಗೊಂದು ಕಟ್ಟಳೆ ಇದೆಯೆಂದು, ಮನೆಯವರು ಬಾಯಿಬಿಟ್ಟು ಕರೆಯದ ಹೊರತು ಅವನು ಹೊಸ್ತಿಲು ದಾಟಲಾರನೆಂದು ನನಗೆ ಗೊತ್ತಿರಲಿಲ್ಲ. ಆದರೂ ಇಟ್ಟ ಕಾಲನ್ನು ಹಿಂದಕ್ಕೆ ತೆಗೆದೆ. ಯಾಕೆ ತೆಗೆದೆನೋ ಹೇಳಲಾರೆ. ಅವಳ ಮೈಯಲ್ಲಿ ಇನ್ನು ಕೂಗುವಷ್ಟು ಕಸುವು ಉಳಿದಿರಲಿಲ್ಲ, ಅದೊಂದು ಕಂಡಿತು.

"ಆಯ್ತವಾ," ಅಂದೆ. "ನೀ ಕರಿಯೂತನಕ ನಾ ಒಳಗ ಬರಂಗಿಲ್ಲ."

ಅವಳು ಥಟ್ಟನೆ ಸುಮ್ಮನಾದಳು. ಕಟ್ಟಳೆ ನಿಜವಾಗಿ ಕೆಲಸ ಮಾಡಿದ್ದು ಅವಳಿಗೇ ಆಶ್ಚರ್ಯ. ನಾನು ಲಾಬಿಯಲ್ಲಿ, ಅವರ ಚಪ್ಪಲಿ ಸ್ಟ್ಯಾಂಡಿನ ಪಕ್ಕ, ಒದ್ದೆ ರೇನ್‌ಕೋಟಿನಲ್ಲೇ ಕೂತೆ. ಬೇರೆ ಮನೆಗಳಿಂದ ಫೋನು ಬರುತ್ತಿತ್ತು. ಎತ್ತಲಿಲ್ಲ.

ಹರೀಶಣ್ಣ ಹೊರಗೆ ಬಂದು ತಗ್ಗಿದ ದನಿಯಲ್ಲಿ, "ಎಷ್ಟು ಹೊತ್ತು ಹೀಗೆ? ಡಾಕ್ಟ್ರು ಅರ್ಜೆಂಟ್ ಅಂದಿದ್ದಾರೆ," ಎಂದರು. ಕಮಲಕ್ಕ ಮಗನ ತೋಳು ಹಿಡಿದು ಒಳಗೆ ಕರೆದರು. "ಸ್ವಲ್ಪ ಸುಮ್ನಿರು ನೀನು. ಅವರವರೇ ಮಾತಾಡ್ಲಿ."

ಸ್ವಲ್ಪ ಹೊತ್ತಿಗೆ ಒಳಗಿನಿಂದ ಸಣ್ಣ ಧ್ವನಿ ಬಂತು. ಕನ್ನಡಿ ತರಬೇಕಂತೆ. ವ್ಯಾಂಪೈರ್ ಕನ್ನಡಿಯಲ್ಲಿ ಕಾಣುವುದಿಲ್ಲ. ಕಮಲಕ್ಕ ಬಚ್ಚಲಿನ ಮೊಳೆಯಿಂದ ಕನ್ನಡಿ ತೆಗೆದು ತಂದು, ರಿಯಾಳಿಗೆ ಕಾಣುವಂತೆ ಓರೆಯಾಗಿ ನನ್ನೆದುರು ಹಿಡಿದರು. ಕೂದಲಿಂದ ನೀರು ತೊಟ್ಟಿಕ್ಕುವ, ನಿದ್ದೆಗೆಟ್ಟ ನನ್ನ ಮುಖ ಅದರಲ್ಲಿತ್ತು. ರಿಯಾ ನೋಡಿದಳು. ಸಾಲದು ಎಂಬಂತೆ ತಲೆಯಾಡಿಸಿದಳು.

ಅವಳು ಕೇಳುವ ಮೊದಲೇ ನಾನು ಬ್ಯಾಗಿನಿಂದ ಬುತ್ತಿ ತೆಗೆದೆ. ಎರಡು ಜೋಳದ ರೊಟ್ಟಿ, ಅವ್ವ ಕುಟ್ಟಿದ ಬಳ್ಳೊಳ್ಳಿ ಖಾರ. ಡಬ್ಬಿ ತೆರೆದದ್ದೇ ಲಾಬಿಯೆಲ್ಲ ಘಮ್ಮೆಂದಿತು. ಎದುರು ಮನೆಯವರು ಬಾಗಿಲು ತೆರೆದು ನೋಡಿದರು. ಒಂದು ತುಂಡು ರೊಟ್ಟಿಗೆ ಖಾರ ಬಡಿದು ತಿಂದೆ. ಕಣ್ಣಲ್ಲಿ ನೀರು ಬಂತು. ಅಷ್ಟು ಖಾರ.

"ಲಸೂಣ್?" ರಿಯಾ ಕೇಳಿದಳು.

"ಹೂಂ. ಹಸೀ ಬಳ್ಳೊಳ್ಳಿ. ಮೂರು ಹೊತ್ತು ತಿಂತೀವಿ."

ಅವಳು ಬಹಳ ಹೊತ್ತು ನನ್ನನ್ನು ನೋಡಿದಳು. ಹೆದರಿಕೆ ಹೋಯಿತೆಂದುಕೊಂಡೆ. ಹೋಗಿರಲಿಲ್ಲ. ಅದು ಇದ್ದ ಜಾಗವೇ ಬೇರೆ.

"ದಾದಾಜೀ ಕಾ ಖೂನ್ ಭೀ ತುಮ್‌ನೇ ಲಿಯಾ ಥಾ," ಎಂದಳು. ನನ್ನ ಅಜ್ಜನ ರಕ್ತವನ್ನೂ ನೀನೇ ತೆಗೆದುಕೊಂಡು ಹೋದೆ. "ಫಿರ್ ವೋ ಹಾಸ್ಪಿಟಲ್ ಗಯೇ. ವಾಪಸ್ ನಹೀ ಆಯೇ." ಆಮೇಲೆ ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ.

ಕಮಲಕ್ಕನ ಕೈಯಲ್ಲಿ ಇನ್ನೂ ಆ ಕನ್ನಡಿ ಇತ್ತು. ಹೌದು, ಆ ಚಳಿಗಾಲದಲ್ಲಿ ಅದೇ ದಿವಾನದ ಮೇಲೆ ಮಲಗಿದ್ದ ಮುದುಕರ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದವಳು ನಾನೇ. ಅವರು ನನಗೆ ಊರು ಯಾವುದೆಂದು ಕೇಳಿದ್ದರು. ಮಗು ಆವತ್ತು ಎಲ್ಲಿ ನಿಂತು ನೋಡುತ್ತಿತ್ತೋ. ಕೋರೆಹಲ್ಲು, ಮೇಲಂಗಿ ಎಲ್ಲ ಬೇಸಿಗೆಯ ಸಿನಿಮಾದಿಂದ ಬಂದದ್ದು. ಹೆದರಿಕೆ ಅದಕ್ಕೂ ಹಿಂದಿನದು. ಸಿನಿಮಾ ಅದಕ್ಕೊಂದು ಮುಖ ಕೊಟ್ಟಿತ್ತು, ಅಷ್ಟೇ.

ಏನಾದರೂ ಹೇಳಬೇಕಿತ್ತು. ಸುಳ್ಳು ಹೇಳುವುದು ಸುಲಭವಿತ್ತು.

"ತಗೊಂಡಿದ್ದೆ," ಅಂದೆ. "ನಿಮ್ಮ ಅಜ್ಜಾರಿಗಿ ಅದಕ್ಕೂ ಮೊದಲಽ ಆರಾಮ ಇರ್ಲಿಲ್ಲ. ಏನಾಗ್ಯದ ಅಂತ ನೋಡ್ಲಿಕ್ಕ ತಗೊಂಡಿದ್ದೆ."

"ತೋ ಬಚಾಯಾ ಕ್ಯೋಂ ನಹೀ?" ಮತ್ತೆ ಉಳಿಸಲಿಲ್ಲವೇಕೆ?

"ಉಳ್ಸೂದು ನನ್ನ ಕೈಯಾಗ ಇಲ್ಲವಾ. ಒಮ್ಮೊಮ್ಮೆ ಡಾಕ್ಟರ್ ಕೈಯಾಗೂ ಇರಂಗಿಲ್ಲ. ಆದ್ರ ನಾ ತಗೊಂಡು ಹೋಗ್ಲಿಲ್ಲಂದ್ರ ನಿನ್ನ ಮೈಯಾಗ ಏನ್ ನಡದದ ಅಂತ ಅವರಿಗಿ ಕಾಣಂಗೇ ಇಲ್ಲ. ಕತ್ತಲದಾಗ ಹುಡುಕಿದಂಗ ಆಗ್ತದ."

ಕಮಲಕ್ಕ ಕನ್ನಡಿಯನ್ನು ಗೋಡೆಗೊರಗಿಸಿ ಮೊಮ್ಮಗಳ ಪಕ್ಕ ಕೂತರು. "ಅಜ್ಜ ಹೋದದ್ದು ಇವಳಿಂದ ಅಲ್ಲ ಮಗಾ. ಅಜ್ಜನಿಗೆ ಹೃದಯದ ತೊಂದ್ರೆ ಇದ್ದದ್ದು. ನಾವು ನಿನಗೆ ಹೇಳ್ಳಿಲ್ಲ, ಅದು ನಮ್ಮ ತಪ್ಪು. ನಿನಗೆ ಗೊತ್ತಾಗುದಿಲ್ಲ ಅಂತ ಎಣಿಸಿದ್ದು." ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು, ಹರೀಶಣ್ಣ ಕಿಟಕಿಯ ಕಡೆ ತಿರುಗಿ ನಿಂತರು. ಆ ಮನೆಯವರು ಆ ಸಾವಿನ ಮಾತನ್ನು ಮಗುವಿನೆದುರು ಆಡಿದ್ದು ಅದೇ ಮೊದಲ ಸಲವಂತೆ. ಆಮೇಲೆ ಕಮಲಕ್ಕ ಹೇಳಿದರು.

ರಿಯಾ ಅಜ್ಜಿಯ ಮಡಿಲಲ್ಲಿ ತಲೆಯಿಟ್ಟು ಅತ್ತಳು. ಕಿರುಚಾಟವಲ್ಲ, ಸಾಮಾನ್ಯ ಮಕ್ಕಳ ಅಳು. ಮುಗಿದ ಮೇಲೆ ನನ್ನ ಕಡೆ ನೋಡಿ, ಕನ್ನಡದಲ್ಲಿ, ಅಜ್ಜಿ ಬಂದವರಿಗೆಲ್ಲ ಹೇಳುವ ಧಾಟಿಯಲ್ಲಿ, "ಬನ್ನಿ, ಒಳಗೆ ಬನ್ನಿ," ಎಂದಳು.

ನಾನು ರೇನ್‌ಕೋಟು ಹೊರಗೇ ಬಿಟ್ಟು ಹೋದೆ. ಅವಳ ತೋಳು ಕಾದ ಹೆಂಚಿನಂತಿತ್ತು. ಒಂದೇ ಸಲಕ್ಕೆ ನರ ಸಿಕ್ಕಿತು.

ಮುಂದಿನ ಬೆಳಿಗ್ಗೆಗಳಲ್ಲೂ ಹಾಗೆಯೇ ನಡೆಯಿತು. ನಾನು ಹೊಸ್ತಿಲ ಹೊರಗೆ ನಿಲ್ಲುವುದು, ಅವಳು ಕರೆಯುವುದು. ದಿನದಿನಕ್ಕೆ ಆ ಸ್ವರ ಸಣ್ಣದಾಗುತ್ತ ಬಂತು. ಪ್ಲೇಟ್‌ಲೆಟ್ ಇಳಿಯುತ್ತಲೇ ಇತ್ತು. ಒಂದು ದಿನ ಅವಳ ಒಸಡಿನಲ್ಲಿ ರಕ್ತ ಕಂಡಾಗ ನಾನೇ ಲ್ಯಾಬಿನ ಡಾಕ್ಟರಿಗೆ ಫೋನು ಮಾಡಿದೆ. ಮಧ್ಯಾಹ್ನದೊಳಗೆ ಅವಳನ್ನು ಆಸ್ಪತ್ರೆಗೆ ಸೇರಿಸಿದರು.

ಆಸ್ಪತ್ರೆಯಲ್ಲಿ ಅವರದೇ ಲ್ಯಾಬು, ಅವರದೇ ಹುಡುಗರು. ನನಗೆ ಅಲ್ಲಿ ಕೆಲಸವಿರಲಿಲ್ಲ. ಆದರೂ ಸುತ್ತು ಮುಗಿಸಿ ದಿನವೂ ಹೋದೆ. ಪ್ಲೇಟ್‌ಲೆಟ್ ಕೊಡಬೇಕಾಗಬಹುದು, ದಾನಿಗಳನ್ನು ಸಿದ್ಧ ಇಟ್ಟುಕೊಳ್ಳಿ ಎಂದು ಅಲ್ಲಿಯ ಡಾಕ್ಟರು ಹೇಳಿದ್ದರು. ಕಾರಿಡಾರಿನಲ್ಲಿ ಹರೀಶಣ್ಣನ ಹೋಟೆಲಿನವರೆಲ್ಲ ಸಾಲಾಗಿ ನಿಂತಿದ್ದರು, ದೋಸೆ ಹುಯ್ಯುವವರು, ಕ್ಯಾಷಿಯರು, ಸಪ್ಲೈಯವರು, ಕೆಲವರು ಇನ್ನೂ ಏಪ್ರನ್ನಿನಲ್ಲೇ. ಗ್ರೂಪ್ ನನ್ನದೂ ಹೊಂದುತ್ತಿತ್ತು. ನಾನೂ ಸಾಲಿನಲ್ಲಿ ನಿಂತೆ. ಪರೀಕ್ಷೆಗೆಂದು ನನ್ನ ತೋಳಿಗೆ ಸೂಜಿ ತಂದಾಗ, ದಿನಕ್ಕೆ ಎಷ್ಟೋ ತೋಳಿಗೆ ಚುಚ್ಚುವ ನಾನು ಮುಖ ತಿರುಗಿಸಿ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡೆ. ಚುಚ್ಚಿದ ಹುಡುಗ ನಕ್ಕ.

ಆ ಮಧ್ಯಾಹ್ನ ರಿಯಾ ನನ್ನನ್ನು ಹಾಸಿಗೆಯ ಪಕ್ಕ ಕೂರಿಸಿಕೊಂಡಳು. ಅವಳ ಅಮ್ಮ ಆಫೀಸಿನ ಲ್ಯಾಪ್‌ಟಾಪ್ ತಂದಿದ್ದರು, ಅದರಲ್ಲಿ ಆ ಸಿನಿಮಾದ ಸಿಡಿ. ಹೊರಗೆ ಮಳೆ ಧೋ ಎಂದು ಸುರಿಯುತ್ತಿತ್ತು. ಕೊನೆಗೂ ನಾನು ಆ ವ್ಯಾಂಪೈರನ್ನು ನೋಡಿದೆ. ನಗು ಬಂತು ಮೊದಲು, ಅವನ ಮೇಲಂಗಿ ನನ್ನ ರೇನ್‌ಕೋಟನ್ನು ಅಷ್ಟು ಹೋಲುತ್ತಿತ್ತು. ಅವನು ಊಟದ ಮನೆಯ ಉದ್ದ ಮೇಜಿನ ಒಂದು ತುದಿಗೆ ಒಬ್ಬನೇ ಕೂರುತ್ತಿದ್ದ. ಅದನ್ನು ನೋಡಿ ಸ್ವಲ್ಪ ಪಾಪವೆನ್ನಿಸಿತು. ನೀಲಿ ಮುಸುಕಿನವನು ತನ್ನ ಗುರಾಣಿಯಲ್ಲಿ ಬಿಸಿಲನ್ನು ಕೂಡಿಟ್ಟುಕೊಳ್ಳುತ್ತಾನೆ, ಕಡೆಗೆ ಅದನ್ನು ಬಿಸಿಲು ತಾಳದ ವ್ಯಾಂಪೈರಿನ ಎದುರು ತೆರೆಯುತ್ತಾನೆ. ಆ ಜಾಗ ಬಂದಾಗ ರಿಯಾ ಸಲೈನ್ ಚುಚ್ಚಿದ ಕೈಯನ್ನು ಮೆಲ್ಲಗೆ ಎತ್ತಿ ನನ್ನ ಕಣ್ಣು ಮುಚ್ಚಿದಳು.

"ಮತ್ ದೇಖೋ ಆಂಟಿ," ಎಂದಳು. "ಅಭೀ ವೋ ಮರ್ ಜಾಯೇಗಾ." ನೋಡಬೇಡ, ಈಗ ಅವನು ಸಾಯುತ್ತಾನೆ.

ಅವಳ ಅಂಗೈ ತಣ್ಣಗಿತ್ತು. ಜ್ವರ ಬಿಟ್ಟಿದೆ ಎಂದು ಆಗ ಗೊತ್ತಾಯಿತು. ಆದರೆ ಈ ಕಾಯಿಲೆಯಲ್ಲಿ ಜ್ವರ ಬಿಟ್ಟ ಮೇಲಿನ ಹೊತ್ತೇ ಹೆಚ್ಚು ಅಪಾಯದ್ದು. ಅದು ನನಗೆ ಗೊತ್ತಿತ್ತು, ಹಾಗಾಗಿ ಮುಚ್ಚಿದ ಕಣ್ಣಿನ ಒಳಗೆ ನಾನು ದೇವರನ್ನು ಬೇಡುತ್ತಿದ್ದೆ.

ಮರುದಿನ ಸುತ್ತು ಮುಗಿಸಿ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಿದ್ದೆ. ಹರೀಶಣ್ಣ ಮೇಲಿನಿಂದ ಇಳಿದು ಬಂದರು. ಅವರ ಮುಖ ನೋಡಿ ಏನೆಂದು ಹೇಳಲಾಗಲಿಲ್ಲ.

"ಏರಿದೆ," ಎಂದರು. "ಪ್ಲೇಟ್‌ಲೆಟ್ ತನ್ನಿಂದ ತಾನೇ ಏರಿದೆ. ಯಾರ ರಕ್ತವೂ ಬೇಡ ಅಂದ್ರು."

ಅಷ್ಟು ಹೇಳಿ ಆ ದೊಡ್ಡ ಮನುಷ್ಯ ಮೆಟ್ಟಿಲ ಮೇಲೆ ಕುಸಿದು ಕೂತರು. ಹೋಟೆಲಿನ ಕ್ಯಾಷಿಯರು ಓಡಿ ಬಂದು ಚಹಾ ಕೊಟ್ಟರು. ನಾನು ಲೋಟ ಹಿಡಿದುಕೊಂಡೆ, ಅವರು ಕುಡಿದರು. ಮೇಲೆ ಕಮಲಕ್ಕ ನರ್ಸಮ್ಮನಿಗೆ ತುಳುವಿನಲ್ಲಿ ಏನೋ ಹೇಳಿ ಹೇಳಿ ಕೈ ಮುಗಿಯುತ್ತಿದ್ದರು. ಆ ಮಲಯಾಳಿ ನರ್ಸಮ್ಮನೂ ಎಲ್ಲ ತಿಳಿದವಳಂತೆ ತಲೆಯಾಡಿಸುತ್ತಿದ್ದಳು. ರಿಯಾ ಇಡ್ಲಿ ಬೇಕೆಂದು ಹಟ ಹಿಡಿದಿದ್ದಳು. ಎಷ್ಟೋ ದಿನದ ಮೇಲೆ ಅವಳು ಹಸಿವೆಂದದ್ದು ಅದೇ ಮೊದಲು.

ಅವಳು ಮನೆಗೆ ಬಂದಳು, ಶಾಲೆಗೆ ಹೋದಳು, ಸಿನಿಮಾ ಮರೆತಳು. ಈಗ ದೊಡ್ಡವಳಾಗಿ ಅಮ್ಮನಂತೆ ಠಾಣೆ ಪಟ್ಟಣದಲ್ಲೇ ಕೆಲಸದಲ್ಲಿದ್ದಾಳೆಂದು ಕೇಳಿದ್ದೇನೆ. ಆದರೆ ಆ ವರ್ಷ ಎಂದರೆ ನನಗೆ ಎಲ್ಲಕ್ಕಿಂತ ಮೊದಲು ನೆನಪಾಗುವುದು ಪ್ಲೇಟ್‌ಲೆಟ್ ಏರಿದ ಆ ಮಧ್ಯಾಹ್ನ ನಾನು ಮನೆಗೆ ಹೋದದ್ದು.

ಠಾಣೆಯಲ್ಲಿ ತುರ್ಭೆಯ ಕಡೆಯ ಗಾಡಿ ಹತ್ತಿ ಲೇಡೀಸ್ ಡಬ್ಬಿಯಲ್ಲಿ ಕಿಟಕಿ ಪಕ್ಕ ಕೂತೆ. ಗಾಡಿ ಹೊರಟದ್ದೇ ನನಗೆ ಅಳು ಬಂತು. ಆ ತಿಂಗಳೆಲ್ಲ ಎಷ್ಟೊಂದು ಮನೆ, ಎಷ್ಟೊಂದು ಮಕ್ಕಳ ತೋಳು, ಒಮ್ಮೆಯೂ ಅತ್ತಿರಲಿಲ್ಲ. ಎದುರಿಗೆ ಕೂತ ದಪ್ಪನೆಯ ಮರಾಠಿ ಹೆಂಗಸು ಮಡಿಲಲ್ಲಿ ಪೇಪರ್ ಹಾಸಿಕೊಂಡು ಚವಳಿಕಾಯಿಯ ನಾರು ತೆಗೆಯುತ್ತಿದ್ದಳು.

"ಕಾಯ್ ಝಾಲಂ ಗ?" ಎಂದಳು. ಏನಾಯಿತೇ?

ಒಂದು ಮಗುವಿಗೆ ಡೆಂಗ್ಯೂ ಆಗಿತ್ತು, ಇವತ್ತು ಕೌಂಟ್ ಏರಿತು ಎಂದು ನನ್ನ ಮುರುಕು ಮರಾಠಿಯಲ್ಲಿ ಹೇಳಿದೆ.

"ತುಝೀ ಮುಲ್ಗೀ?" ನಿನ್ನ ಮಗಳೇ?

"ನಾಹೀ. ಪೇಶಂಟ್."

"ಮಗ ರಡ್ತೇಸ್ ಕಶಾಲಾ? ಚಾಂಗ್ಲಂಚ್ ಝಾಲಂ ನಾ!" ಅಳುವುದೇಕೆ, ಒಳ್ಳೆಯದೇ ಆಯಿತಲ್ಲ. ಅಷ್ಟು ಹೇಳಿ ಅವಳು ಪಕ್ಕದವರಿಗೆ ಸುದ್ದಿ ಮುಟ್ಟಿಸಿದಳು, ಅವರು ಅವರ ಪಕ್ಕದವರಿಗೆ. ಬಾಗಿಲ ಬಳಿ ನಿಂತ ಕಾಲೇಜು ಹುಡುಗಿಯರವರೆಗೂ ಅದು ಹೋಯಿತು. ಕಾಣದ ಊರಿನ ಕಾಣದ ಮಗುವಿಗಾಗಿ ಯಾರೋ ಎದೆ ಮುಟ್ಟಿ ಗಣಪತಿಯ ಹೆಸರು ಹೇಳಿದರು. ಯಾರೋ ಒಂದು ಚಿಕ್ಕಿ ಕೊಟ್ಟರು. ನಾನು ಅಳು ನಿಲ್ಲಿಸಲಾರದೆ ಇದ್ದುದನ್ನು ನೋಡಿ ಆ ಹೆಂಗಸು ತನ್ನ ಮಡಿಲಿನ ಕಾಯಿಯಲ್ಲಿ ಅರ್ಧವನ್ನು ಬಾಚಿ ನನ್ನ ಮಡಿಲಿಗೆ ಸುರಿದಳು.

"ಘೇ, ನೀಟ್ ಕರ್," ಎಂದಳು. ತಗೋ, ಹಸನು ಮಾಡು.

ನಾನು ಒಂದೊಂದೇ ಕಾಯಿಯ ತುದಿ ಮುರಿದು ನಾರು ಎಳೆಯುತ್ತ ಕೂತೆ. ಮೊದಲು ನಾರು ನಡುವೆಯೇ ಕಡಿದುಹೋಗುತ್ತಿತ್ತು. ಐರೋಲಿ ಸ್ಟೇಷನ್ ದಾಟುವಷ್ಟರಲ್ಲಿ ಸರಿಹೋಯಿತು.